ತುಲೂಸ್ ನಗರದ ಪುಷ್ಪಸ್ಪರ್ಧೆಗಳು

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಗರೋನ್ ನದಿಯ ದಡದ ಮೇಲಿರುವ ತುಲೂಸ್ ನಗರಕ್ಕೆ, ಅದರ ಕಟ್ಟಡಗಳ ಇಟ್ಟಿಗೆಯ ಬಣ್ಣದ ದೆಸೆಯಿಂದ, 'ಗುಲಾಬಿ ಬಣ್ಣದ ನಗರ'ವೆಂಬ ಹೆಸರುಂಟು. ಸಾಹಿತ್ಯಾಭ್ಯಾಸಿಗಳಿಗೆ ಈ ನಗರವು ಮುಖ್ಯವಾಗುವುದು ಬೇರೊಂದು ಕಾರಣದಿಂದ. ಮೇ ತಿಂಗಳ ೩ನೆಯ ದಿನ ಕವಿಗಳಿಗೆ ಲೋಹದ ಹೂಗಳನ್ನಿತ್ತು ಸನ್ಮಾನಿಸುವ ಒಂದು ಉತ್ಸವವು ಇಲ್ಲಿ ೧೪ನೆಯ ಶತಮಾನದಿಂದ ನಡೆದುಬಂದಿದೆ. ಒಂದು ಭಾಷೆಯನ್ನು ಉಳಿಸಲೆಂದು ಹುಟ್ಟಿದ ಉತ್ಸವವು ಆ ಭಾಷೆಯನ್ನೇ ಬಿಟ್ಟುಕೊಟ್ಟು ತಾನು ಬದುಕಿದ ಬಗೆಯು ಇದರ ಇತಿಹಾಸದಲ್ಲಿ ವಿಚಾರಯೋಗ್ಯವಾದ ಅಂಶವಾಗಿದೆ.

ದಕ್ಷಿಣ ಫ್ರಾನ್ಸಿನ ದೇಶಭಾಷೆಯು ಪ್ಯಾರಿಸಿನ ಫ್ರೆಂಚ್ ಅಲ್ಲ, ಆಕ್ಸಿತಾನ್ ಎಂಬುದು. ೧೨ನೆಯ ಶತಮಾನದಲ್ಲಿ ಟ್ರೂಬಡೂರರೆಂಬ ಕವಿಗಾಯಕರು ಈ ಭಾಷೆಯಲ್ಲಿ ರಚಿಸಿದ ಪ್ರೇಮಗೀತೆಗಳು ಯೂರೋಪಿನ ರಾಜಸಭೆಗಳಲ್ಲೆಲ್ಲ ಮನ್ನಣೆ ಪಡೆದಿದ್ದುವು. ೧೨೦೯ರಿಂದ ೧೨೨೯ರ ವರೆಗೆ ಕ್ಯಾಥರ್ ಮತದವರನ್ನು ಅಡಗಿಸುವ ನೆಪದಲ್ಲಿ ನಡೆದ ಧರ್ಮಯುದ್ಧವು ಈ ಸೀಮೆಯನ್ನು ಹಾಳುಗೆಡವಿತು. ೧೨೭೧ರಲ್ಲಿ ತುಲೂಸ್ ಸಂಸ್ಥಾನವು ಫ್ರೆಂಚ್ ಅರಸರ ವಶವಾಯಿತು. ಆಶ್ರಯದಾತರು ಇಲ್ಲದಂತಾಗಲು ಕಾವ್ಯವೂ ಸೊರಗಿತು.

ಇದನ್ನು ಕಂಡು ೧೩೨೩ರಲ್ಲಿ ನಗರದ ಏಳು ಮಂದಿ ಕಾವ್ಯಾಸಕ್ತರು ಒಂದು ತೋಟದಲ್ಲಿ ಸೇರಿ, ತಮ್ಮ ಭಾಷೆಯ ಕವಿಗಳಿಗೆಲ್ಲ ಪದ್ಯರೂಪವಾದ ಆಹ್ವಾನಪತ್ರವನ್ನು ಕಳುಹಿಸಿದರು. ಕಾವ್ಯಕಲೆಯನ್ನು ಅವರು 'ಉಲ್ಲಾಸವಿದ್ಯೆ' ಎಂದು ಕರೆದರು. ಮರುವರ್ಷ ಮೇ ೩ರಂದು ಚಿನ್ನದ ವಯೊಲೆಟ್ ಹೂವು ಅರ್ನೋ ವಿದಾಲ್ ಎಂಬ ಕವಿಗೆ, ಕನ್ಯೆ ಮೇರಿಯನ್ನು ಸ್ತುತಿಸಿದ ಕವಿತೆಗಾಗಿ, ಸಂದಿತು. ಬಹುಮಾನದ ವೆಚ್ಚವನ್ನು ನಗರದ ಆಡಳಿತಾಧಿಕಾರಿಗಳೇ ವಹಿಸಿಕೊಂಡರು. ರಾಜಾಶ್ರಯವು ಹೋದೆಡೆಯಲ್ಲಿ ಪೌರಾಶ್ರಯವು ಬಂದಿತು. ಮುಂದೆ ಕಾಡುಗುಲಾಬಿ ಮತ್ತು ಸೂಸಿ ಎಂಬ ಹಳದಿ ಹೂಗಳೂ ಬಹುಮಾನಗಳಾದುವು.

ಸ್ಪರ್ಧೆಯೆಂದ ಮೇಲೆ ಗುಣದೋಷ ನಿರ್ಣಯಕ್ಕೆ ಶಾಸ್ತ್ರವೊಂದು ಬೇಕಷ್ಟೆ. ಆದುದರಿಂದ ಗಿಲ್ಹೆಮ್ ಮೊಲಿನಿಯೆ ಎಂಬ ಪಂಡಿತನು 'ಲೇಸ್ ದಾಮೋರ್ಸ್', ಎಂದರೆ ಪ್ರೇಮದ ನಿಯಮಗಳು, ಎಂಬ ಲಕ್ಷಣಗ್ರಂಥವನ್ನು ರಚಿಸಿದನು. ವ್ಯಾಕರಣ, ಛಂದಸ್ಸು, ಅಲಂಕಾರ ಇವು ಮೂರೂ ಅದರಲ್ಲಿ ನಿರೂಪಿತವಾಗಿವೆ. ೧೩೯೩ರಲ್ಲಿ ಅರಗಾನಿನ ದೊರೆಯಾದ ಒಂದನೆಯ ಜಾನನು ಇದೇ ಮಾದರಿಯ ಸ್ಪರ್ಧೆಯನ್ನು ಬಾರ್ಸಿಲೋನಾದಲ್ಲಿ ಏರ್ಪಡಿಸಿದನು.

ಆದರೆ ೧೬ನೆಯ ಶತಮಾನದಲ್ಲಿ ಫ್ರೆಂಚ್ ಕವಿತೆಗಳಿಗೆ ಪ್ರವೇಶ ದೊರೆತು, ಆಕ್ಸಿತಾನ್ ಕ್ರಮೇಣ ಹಿಂದಾಯಿತು. ಅದೇ ಶತಮಾನದಲ್ಲಿ, ೧೫೩೯ರ ರಾಜಾಜ್ಞೆಯಂತೆ, ನ್ಯಾಯಾಲಯದ ಬರಹಗಳೆಲ್ಲ ಫ್ರೆಂಚಿನಲ್ಲೇ ಇರಬೇಕಾಯಿತು. ೧೬೯೪ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಈ ಸಂಘಕ್ಕೆ ಅಕಾಡೆಮಿಯ ಪದವಿಯನ್ನಿತ್ತಾಗ ಅದು ಫ್ರೆಂಚ್ ಸಾಹಿತ್ಯದ ಸಂಸ್ಥೆಯೇ ಆಗಿದ್ದಿತು. ಮಹಾಕ್ರಾಂತಿಯಲ್ಲಿ ನಿಂತುಹೋಗಿ ೧೮೦೬ರಲ್ಲಿ ಮತ್ತೆ ತಲೆಯೆತ್ತಿದ ಮೇಲೆ, ೧೮೧೯ರಲ್ಲಿ, ಹದಿನೇಳರ ತರುಣನಾದ ವಿಕ್ಟರ್ ಹ್ಯೂಗೋ ಇಲ್ಲಿ ಚಿನ್ನದ ಲಿಲ್ಲಿ ಹೂವನ್ನು ಗೆದ್ದನು.

ಭಾಷೆ ಬದಲಾದ ಕಾಲದಲ್ಲೇ ಉತ್ಸವದ ಮೂಲಕಥೆಯೂ ಬದಲಾಯಿತು. ಕ್ಲೆಮಾನ್ಸ್ ಇಸೋರ್ ಎಂಬ ಕುಲೀನ ಸ್ತ್ರೀಯು ತನ್ನ ಸಂಪತ್ತನ್ನು ಈ ಸ್ಪರ್ಧೆಗಾಗಿ ನಗರಕ್ಕೆ ಬಿಟ್ಟುಹೋದಳೆಂಬ ಐತಿಹ್ಯ ಬೆಳೆಯಿತು. ಆಕೆ ಇದ್ದವಳೇ ಅಲ್ಲವೆಂದು ತುಲೂಸಿನ ಇತಿಹಾಸಕಾರ ಕಾತೆಲ್ ೧೭ನೆಯ ಶತಮಾನದಲ್ಲೇ ವಾದಿಸಿದನು. ಈಗಿನ ವಿದ್ವಾಂಸರ ಮತವೂ ಅದೇ. ಆದರೂ ಆಕೆಯ ಸಮಾಧಿಯಿತ್ತೆಂದು ಹೇಳಲಾಗುವ ದೋರಾದ್ ಚರ್ಚಿನಲ್ಲಿ ಹೂಗಳನ್ನು ಹರಸಿ, ಮೆರವಣಿಗೆಯಲ್ಲಿ ಅಸೆಜಾ ಭವನಕ್ಕೆ ಒಯ್ಯುವ ಸಂಪ್ರದಾಯವು ಉಳಿದಿದೆ. ನೀಲಿಬಣ್ಣದ ಗಿಡದ ವ್ಯಾಪಾರದಿಂದ ಸಿರಿವಂತನಾದ ವರ್ತಕನೊಬ್ಬನು ೧೬ನೆಯ ಶತಮಾನದಲ್ಲಿ ಕಟ್ಟಿಸಿದ ಈ ಭವನವೇ ಅಕಾಡೆಮಿಯ ನೆಲೆ.

೧೮೯೫ರಲ್ಲಿ ಆಕ್ಸಿತಾನ್ ಕವಿತೆಗಳಿಗೆ ಮತ್ತೆ ಬಾಗಿಲು ತೆರೆಯಿತು. ಆದರೆ ಅಷ್ಟರಲ್ಲಿ ಅದು ಶಾಲೆಯಿಂದಲೂ ಕಚೇರಿಯಿಂದಲೂ ಹೊರಗುಳಿದ ಭಾಷೆಯಾಗಿದ್ದಿತು. ಇಂದು ನಗರದ ಬೀದಿಫಲಕಗಳಲ್ಲಿಯೂ ಮೆಟ್ರೋ ರೈಲಿನ ಪ್ರಕಟನೆಗಳಲ್ಲಿಯೂ ಅದು ಫ್ರೆಂಚಿನ ಜೊತೆಗೆ ಸ್ಥಾನ ಪಡೆದಿದೆ. ಮನೆಮಾತಾಗಿ ಆಡುವವರು ಮಾತ್ರ ವಿರಳ. ಬಹುಮಾನವೂ ಲಕ್ಷಣಗ್ರಂಥವೂ ಭಾಷೆಯ ಗೌರವವನ್ನು ಕಾಯಬಲ್ಲುವು; ಅದರ ಬಳಕೆಯನ್ನು ಕಾಯುವುದು ನ್ಯಾಯಾಲಯ, ಪಾಠಶಾಲೆ ಮತ್ತು ಮನೆಗಳ ಕೆಲಸವೆಂಬುದನ್ನು ತುಲೂಸಿನ ಹೂಗಳ ಚರಿತ್ರೆಯು ತೋರಿಸಿಕೊಡುತ್ತದೆ.