ಗುರಿ ತಪ್ಪಿದ್ದು ಕೆಡೆಟ್ ಕೈಯೋ, ರೈಫಲ್ಲೋ? ಪುಟ್ಟ ಬಂದೂಕಿನ ನಿಖರತೆಯ ಲೆಕ್ಕಾಚಾರ

ವಿದ್ಯಾಗಿರಿ (ಬಾಗಲಕೋಟೆ): ಒಂದು ಗುರಿಫಲಕದ ಎಡಮೂಲೆಯಲ್ಲಿ ಐದು ರಂಧ್ರಗಳು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಾಗಿ ಬಿದ್ದಿವೆ. ನಡುವಿನ ಕಪ್ಪು ವೃತ್ತದಲ್ಲಿ ಒಂದೂ ಇಲ್ಲ. ಪಕ್ಕದ ಫಲಕದಲ್ಲಿ ಒಂದು ಗುಂಡು ನಟ್ಟನಡುವೆ ಹೊಕ್ಕಿದೆ; ಉಳಿದ ನಾಲ್ಕು ನಾಲ್ಕು ದಿಕ್ಕಿಗೆ ಚದುರಿವೆ. ಇಬ್ಬರಲ್ಲಿ ಉತ್ತಮ ಗುರಿಕಾರ ಯಾರು? ನೋಡುಗರ ಚಪ್ಪಾಳೆ ಸಾಮಾನ್ಯವಾಗಿ ಎರಡನೆಯವನಿಗೆ ಸಲ್ಲುತ್ತದೆ. ಆದರೆ ಶೂಟಿಂಗ್ ಬಲ್ಲವರ ಉತ್ತರ ಮೊದಲನೆಯವನು.

ಈ ವ್ಯತ್ಯಾಸ ಕೇವಲ ಪಾಂಡಿತ್ಯದ ವಿಷಯವಲ್ಲ. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಶಿಕ್ಷಣ ಸಂಸ್ಥೆಗಳಿಂದ ಹೆಸರಾದ ವಿದ್ಯಾಗಿರಿಯಂತಹ ಕಾಲೇಜು ಬಡಾವಣೆಗಳಲ್ಲಿ, ಎನ್‌ಸಿಸಿ ಸಮವಸ್ತ್ರ ತೊಟ್ಟ ವಿದ್ಯಾರ್ಥಿಯ ಕೈಗೆ ಬರುವ ಮೊದಲ ನಿಜವಾದ ಬಂದೂಕೆಂದರೆ .22 ಬೋರ್ ರೈಫಲ್. ಶಿಬಿರದಲ್ಲಿ ಆತನಿಗೆ ಸಿಗುವ ಗುಂಡುಗಳು ಬೆರಳೆಣಿಕೆಯಷ್ಟು. ಅಷ್ಟರಲ್ಲೇ ಶೂಟಿಂಗ್ ತಂಡಕ್ಕೆ ಯಾರು ಸೇರುತ್ತಾರೆ, ಯಾರು ಮನೆಗೆ ಮರಳುತ್ತಾರೆ ಎಂಬುದು ತೀರ್ಮಾನವಾಗುತ್ತದೆ. ಫಲಕವನ್ನು ತಪ್ಪಾಗಿ ಓದಿದರೆ ಬಂದೂಕಿನ ದೋಷ ಹುಡುಗನ ಅಥವಾ ಹುಡುಗಿಯ ಹಣೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಈ ಪುಟ್ಟ ರೈಫಲ್ ಹೇಗೆ ಕೆಲಸ ಮಾಡುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಅರಿಯುವುದು ಅಗತ್ಯ.

ಗುಂಪು ಹೇಳುವುದೇನು?

ಎನ್‌ಸಿಸಿ ತರಬೇತಿಯಲ್ಲಿ ಕೆಡೆಟ್‌ಗಳು ನೆಲದ ಮೇಲೆ ಬೋರಲು ಮಲಗಿ, 25 ಗಜ ಅಂದರೆ ಸುಮಾರು 23 ಮೀಟರ್ ದೂರದ ಫಲಕಕ್ಕೆ ಗುಂಡು ಹಾರಿಸುತ್ತಾರೆ. ಐದು ಗುಂಡುಗಳು ಎಷ್ಟು ಸಮೀಪದಲ್ಲಿ ಬಿದ್ದಿವೆ ಎಂಬುದನ್ನು ಅಳೆಯುವುದಕ್ಕೆ ‘ಗ್ರೂಪಿಂಗ್’ ಎಂದು ಹೆಸರು.

ಗುಂಪಿನ ಗಾತ್ರ ಒಂದು ಕಥೆ ಹೇಳಿದರೆ, ಗುಂಪು ಬಿದ್ದ ಜಾಗ ಇನ್ನೊಂದು ಕಥೆ ಹೇಳುತ್ತದೆ. ಗುಂಪು ಚಿಕ್ಕದಾಗಿದ್ದರೆ ಹಿಡಿತ, ಉಸಿರು, ಟ್ರಿಗರ್ ಎಳೆದ ಬಗೆ ಐದೂ ಬಾರಿ ಒಂದೇ ತೆರನಾಗಿತ್ತು, ರೈಫಲ್ಲೂ ಸುಸ್ಥಿತಿಯಲ್ಲಿತ್ತು ಎಂದರ್ಥ. ಅಂತಹ ಗುಂಪು ಕೇಂದ್ರದಿಂದ ದೂರ ಬಿದ್ದರೆ, ಮೊದಲು ಪರೀಕ್ಷಿಸಬೇಕಾದದ್ದು ಗುರಿನೋಟದ ಹೊಂದಿಕೆಯನ್ನು. ಅದನ್ನು ಸರಿಪಡಿಸಲು ಕೆಲವು ನಿಮಿಷ ಸಾಕು. ಗುಂಪೇ ಚದುರಿದ್ದರೆ ಮಾತ್ರ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ದೂರ ಹೆಚ್ಚಿದಂತೆ ದೋಷವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. 25 ಗಜದಲ್ಲಿ 5 ಸೆಂ.ಮೀ. ಇದ್ದ ಗುಂಪು 50 ಗಜದಲ್ಲಿ ಕನಿಷ್ಠ 10 ಸೆಂ.ಮೀ. ಆಗುತ್ತದೆ. ಒಲಿಂಪಿಕ್ಸ್‌ನಲ್ಲಿ 50 ಮೀಟರ್ ದೂರದ ಫಲಕದ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. ಗುಂಡಿನ ವ್ಯಾಸವೇ 5.6 ಮಿ.ಮೀ. ಎಂಬುದನ್ನು ನೆನೆದರೆ ಈ ಕ್ರೀಡೆಯ ಬಿಗಿ ಅರ್ಥವಾದೀತು.

ಅಂಚಿನಲ್ಲಿ ಅಡಗಿದ ಕಿಡಿ

ಈ ಬಗೆಯ ಬಂದೂಕಿಗೆ ‘ರಿಮ್‌ಫೈರ್’ ಎಂಬ ಹೆಸರು ಬಂದದ್ದು ಅದರ ಕಾಡತೂಸಿನಿಂದ. ಪೊಲೀಸರು, ಸೈನಿಕರು ಬಳಸುವ ರೈಫಲ್ಲುಗಳ ಕಾಡತೂಸಿನಲ್ಲಿ ಕಿಡಿಮದ್ದು ತಳದ ನಡುವಿರುತ್ತದೆ. ರಿಮ್‌ಫೈರ್‌ನಲ್ಲಿ ಅದು ತಳದ ಸುತ್ತಲಿನ ಟೊಳ್ಳು ಅಂಚಿನೊಳಗೆ ಸವರಿರುತ್ತದೆ. ಟ್ರಿಗರ್ ಎಳೆದಾಗ ಹೊಡೆಪಿನ್ನು ಆ ಅಂಚನ್ನು ಜಜ್ಜುತ್ತದೆ, ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘.22 ಲಾಂಗ್ ರೈಫಲ್’ ಕಾಡತೂಸು ಅಮೆರಿಕದಲ್ಲಿ 1887ರಲ್ಲಿ ರೂಪುಗೊಂಡಿತು. ಅಗ್ಗ, ಸದ್ದು ಕಡಿಮೆ, ಹೆಗಲಿಗೆ ಒದೆತವೂ ಇಲ್ಲವೆಂಬಷ್ಟು ಕಡಿಮೆ. ಈ ಗುಣಗಳಿಂದಲೇ ಅದು ಕಲಿಯುವವರ ಬಂದೂಕಾಯಿತು.

ಅದರ ದೌರ್ಬಲ್ಯವೂ ಅಂಚಿನಲ್ಲೇ ಇದೆ. ಕಿಡಿಮದ್ದು ಸುತ್ತಲೂ ಸಮನಾಗಿ ಹರಡಿರದಿದ್ದರೆ ಅಥವಾ ಹೊಡೆಪಿನ್ನಿನ ಏಟು ದುರ್ಬಲವಾಗಿದ್ದರೆ ಪ್ರತಿ ಗುಂಡಿನ ವೇಗ ಬೇರೆಯಾಗುತ್ತದೆ. ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುವ ಗುಂಡಿನ ವೇಗದಲ್ಲಿ 10 ಮೀಟರ್ ಏರುಪೇರಾದರೆ, 50 ಮೀಟರ್ ದೂರದಲ್ಲಿ ಅದು ಸುಮಾರು 8 ಮಿ.ಮೀ. ಮೇಲೋ ಕೆಳಗೋ ಬೀಳುತ್ತದೆ. ಫಲಕದ ಒಂದು ವಲಯದ ಅಗಲವೂ ಅಷ್ಟೇ. ಅಂದರೆ ಗುರಿಕಾರನ ತಪ್ಪಿಲ್ಲದೆಯೇ ಒಂದು ಅಂಕ ಹೋಯಿತು.

ನಳಿಕೆಗೂ ಗುಂಡಿಗೂ ಹೊಂದಬೇಕು

ದುಬಾರಿ ಗುಂಡು ಕೊಂಡರೆ ಸಾಲದೆ ಎಂಬ ಪ್ರಶ್ನೆ ಸಹಜ. ವಿಚಿತ್ರವೆಂದರೆ, ಒಂದೇ ಕಾರ್ಖಾನೆಯಲ್ಲಿ ತಯಾರಾದ ಒಂದೇ ಮಾದರಿಯ ಎರಡು ರೈಫಲ್ಲುಗಳು ಬೇರೆಬೇರೆ ಗುಂಡುಗಳನ್ನು ‘ಇಷ್ಟಪಡುತ್ತವೆ’. ಅತಿವೇಗದ ಗುಂಡು ಹೆಚ್ಚು ನಿಖರ ಎಂಬ ನಂಬಿಕೆಯೂ ಸರಿಯಲ್ಲ. ಶಬ್ದದ ವೇಗಕ್ಕಿಂತ ಜೋರಾಗಿ ಹೊರಟ ಗುಂಡು ಮಾರ್ಗಮಧ್ಯೆ ಆ ವೇಗಕ್ಕಿಂತ ಕೆಳಗಿಳಿಯುವಾಗ ಗಾಳಿಯ ಹೊಡೆತಕ್ಕೆ ಅಲುಗಾಡುತ್ತದೆ. ಆದ್ದರಿಂದಲೇ ಸ್ಪರ್ಧೆಯ ಗುಂಡುಗಳು ಶಬ್ದದ ವೇಗಕ್ಕಿಂತ ತುಸು ಕೆಳಗೇ ಇರುತ್ತವೆ.

ಅಂತಾರಾಷ್ಟ್ರೀಯ ಗುರಿಕಾರರು ಯುರೋಪಿನ ಕಾರ್ಖಾನೆಗಳ ಪರೀಕ್ಷಾ ಕೇಂದ್ರಗಳಿಗೆ ತಮ್ಮ ರೈಫಲ್ ಒಯ್ದು, ಬೇರೆಬೇರೆ ತಂಡದಲ್ಲಿ ತಯಾರಾದ ಗುಂಡುಗಳನ್ನು ಹಾರಿಸಿ, ಅತಿ ಚಿಕ್ಕ ಗುಂಪು ಕೊಟ್ಟ ತಂಡದ ಪೆಟ್ಟಿಗೆಗಳನ್ನೇ ಕೊಳ್ಳುತ್ತಾರೆ. ಕಾಲೇಜು ಕೆಡೆಟ್‌ಗಳಿಗೆ ಅಂತಹ ಆಯ್ಕೆ ಇರದು. ಆದರೆ ಒಂದು ನಿಯಮ ಪಾಲಿಸಬಹುದು: ಆಯ್ಕೆಯ ದಿನ ಎಲ್ಲರಿಗೂ ಒಂದೇ ತಂಡದ ಗುಂಡು ಕೊಡುವುದು, ಎರಡು ಪೆಟ್ಟಿಗೆಯ ಗುಂಡು ಬೆರೆಸದಿರುವುದು.

ಶುಚಿ ಬೇಕು, ಅತಿಶುಚಿ ಬೇಡ

ನಿರ್ವಹಣೆಯ ವಿಷಯದಲ್ಲಿ ಹೆಚ್ಚಿನ ಹಾನಿ ಆಗುವುದು ಅಲಕ್ಷ್ಯದಿಂದಷ್ಟೇ ಅಲ್ಲ, ಅತಿ ಉತ್ಸಾಹದಿಂದಲೂ ಹೌದು. ನಳಿಕೆಯ ಬಾಯಿಯ ಅಂಚು ಗುಂಡನ್ನು ಕೊನೆಯದಾಗಿ ಸ್ಪರ್ಶಿಸುವ ಜಾಗ. ಅಲ್ಲಿ ಒಂದು ಕಡೆ ಸವೆದರೂ ಗುಂಡಿನ ಹಿಂದಿನ ಅನಿಲ ಒಂದು ಬದಿಯಿಂದ ಮೊದಲು ನುಗ್ಗಿ ಅದನ್ನು ವಾಲಿಸುತ್ತದೆ. ಬಾಯಿಯ ಕಡೆಯಿಂದ ಉಕ್ಕಿನ ಸಲಾಕೆ ತುರುಕಿ ತಿಕ್ಕುವುದು, ಚಿಂದಿ ಕಟ್ಟಿದ ಹಗ್ಗವನ್ನು ಓರೆಯಾಗಿ ಎಳೆಯುವುದು ಈ ಅಂಚನ್ನೇ ಹಾಳುಮಾಡುತ್ತವೆ. ಎನ್‌ಸಿಸಿಯಲ್ಲಿ ಬಳಸುವ ‘ಪುಲ್‌ಥ್ರೂ’ ಹಗ್ಗವನ್ನು ಗುಂಡು ತುಂಬುವ ಕಡೆಯಿಂದ ಇಳಿಬಿಟ್ಟು, ಬಾಯಿಯ ಕಡೆಯಿಂದ ನೇರವಾಗಿ, ತಡೆಯದೆ ಒಂದೇ ಎಳೆತದಲ್ಲಿ ಎಳೆಯಬೇಕೆನ್ನುವುದು ಇದಕ್ಕೇ.

ಸೀಸದ ಗುಂಡಿಗೆ ಸವರಿದ ಮೇಣ ನಳಿಕೆಯೊಳಗೆ ತೆಳುವಾಗಿ ಹರಡಿಕೊಳ್ಳುತ್ತದೆ. ಆ ಲೇಪ ಸಮನಾದ ಮೇಲೆಯೇ ಗುಂಪು ಸ್ಥಿರಗೊಳ್ಳುತ್ತದೆ. ಪೂರ್ತಿ ತೊಳೆದ ನಳಿಕೆಯಿಂದ ಹಾರಿದ ಮೊದಲ ಹತ್ತಿಪ್ಪತ್ತು ಗುಂಡುಗಳು ಅತ್ತಿತ್ತ ಬೀಳುವುದು ಇದೇ ಕಾರಣಕ್ಕೆ. ಬೆಳಗ್ಗೆ ಶುಚಿಗೊಳಿಸಿ ಎಣ್ಣೆ ಸವರಿದ ರೈಫಲ್ಲನ್ನು ನೇರವಾಗಿ ಮೊದಲ ಕೆಡೆಟ್ ಕೈಗಿತ್ತರೆ, ಆತ ಸಾಲಿನಲ್ಲಿ ಮುಂದೆ ನಿಂತ ತಪ್ಪಿಗೆ ಅಂಕ ಕಳೆದುಕೊಳ್ಳುತ್ತಾನೆ. ಒಣಚಿಂದಿ ಎಳೆದು ಎಣ್ಣೆ ತೆಗೆದು, ಕೆಲವು ಗುಂಡು ಹಾರಿಸಿದ ಬಳಿಕವೇ ಎಣಿಕೆ ಆರಂಭಿಸುವುದು ನ್ಯಾಯ.

ಗುಂಡು ಕೂರುವ ಕೋಣೆಯ ವಿಷಯ ಬೇರೆ. ಅಲ್ಲಿ ಮದ್ದಿನ ಮಸಿ ಗಟ್ಟಿಯಾಗಿ ಬಳೆಯಂತೆ ಕಟ್ಟಿಕೊಂಡು ಕಾಡತೂಸು ಸರಿಯಾಗಿ ಕೂರದಂತೆ ಮಾಡುತ್ತದೆ. ಅದನ್ನು ಆಗಾಗ ತೆಗೆಯಲೇಬೇಕು. ಖಾಲಿ ರೈಫಲ್ಲಿನ ಟ್ರಿಗರ್ ಎಳೆದು ಅಭ್ಯಾಸ ಮಾಡುವಾಗಲೂ ಎಚ್ಚರ ಬೇಕು. ಅನೇಕ ಹಳೆಯ ರಿಮ್‌ಫೈರ್ ರೈಫಲ್ಲುಗಳಲ್ಲಿ ಕಾಡತೂಸಿನ ಅಂಚು ಇಲ್ಲದಿದ್ದರೆ ಹೊಡೆಪಿನ್ನು ಕೋಣೆಯ ಅಂಚಿಗೇ ಬಡಿದು ತಗ್ಗು ಮಾಡುತ್ತದೆ. ಇದಕ್ಕೆಂದೇ ಇರುವ ಡಮ್ಮಿ ಕಾಡತೂಸು ಬಳಸುವುದು ಕ್ಷೇಮ.

ಕೊನೆಯದು, ಮರದ ದಿಮ್ಮಿಗೂ ಲೋಹದ ಭಾಗಕ್ಕೂ ಬೆಸೆದ ತಿರುಪುಗಳು. ಒಂದು ತಿರುಪು ಸಡಿಲವಾದರೆ ಪ್ರತಿ ಗುಂಡಿಗೂ ರೈಫಲ್ ಮಿಸುಕುತ್ತದೆ. ಆಗ ಫಲಕದ ಮೇಲೆ ಒಂದರ ಬದಲು ಎರಡು ಗುಂಪು ಮೂಡುವುದುಂಟು.

ಎರೆನೆಲದ ಧೂಳು, ಬೇಸಿಗೆಯ ಬಿಸಿಲು

ಬಾಗಲಕೋಟೆ, ಹುನಗುಂದ ಭಾಗದ ಬಯಲುಸೀಮೆಗೆ ತನ್ನದೇ ತೊಡಕುಗಳಿವೆ. ಎಣ್ಣೆ ಜಿನುಗುವಷ್ಟು ಸವರಿದ ರೈಫಲ್ ಎರೆನೆಲದ ಸಣ್ಣ ಧೂಳನ್ನು ಅಂಟಿಸಿಕೊಂಡು, ಚಲಿಸುವ ಭಾಗಗಳಲ್ಲಿ ಉಜ್ಜುಕಾಗದದಂತೆ ವರ್ತಿಸುತ್ತದೆ. ಒಣ ತಿಂಗಳುಗಳಲ್ಲಿ ಎಣ್ಣೆಯ ತೆಳು ಪದರ ಸಾಕು. ಮಳೆಗಾಲದಲ್ಲಿ ಮಾತ್ರ ತುಕ್ಕಿನ ಭಯದಿಂದ ತುಸು ಹೆಚ್ಚು ಬೇಕಾದೀತು. ಬಿಸಿಲಿನಲ್ಲಿಟ್ಟ ಗುಂಡಿನ ಪೆಟ್ಟಿಗೆಯ ಮೇಣ ಮೆತ್ತಗಾಗುತ್ತದೆ, ಮದ್ದು ಉರಿಯುವ ವೇಗವೂ ಬದಲಾಗುತ್ತದೆ. ಪೆಟ್ಟಿಗೆ ನೆರಳಿನಲ್ಲಿರಬೇಕು.

ಗಾಳಿಯ ಪ್ರಭಾವವನ್ನು ಕಡೆಗಣಿಸುವಂತಿಲ್ಲ. ಕೇವಲ 2.6 ಗ್ರಾಂ ತೂಕದ ಈ ಗುಂಡನ್ನು ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ 50 ಮೀಟರ್ ದೂರದಲ್ಲಿ ಎರಡೂವರೆಯಿಂದ 3 ಸೆಂ.ಮೀ. ಪಕ್ಕಕ್ಕೆ ತಳ್ಳಬಲ್ಲದು. ಹತ್ತಕ್ಕೆ ಹೊರಟ ಗುಂಡು ಏಳಕ್ಕೆ ಬೀಳಲು ಇಷ್ಟು ಸಾಕು. ಮಧ್ಯಾಹ್ನದ ಬಿಸಿಲುಕುದುರೆ ಫಲಕವನ್ನೇ ಕುಣಿಸುತ್ತದೆ. ಬೆಳಗಿನ ತಂಪಿನಲ್ಲಿ ಹಾರಿಸಿದವನನ್ನೂ ಮಧ್ಯಾಹ್ನದ ಗಾಳಿಯಲ್ಲಿ ಹಾರಿಸಿದವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗದು.

ನೆರೆಯ ಕೊಲ್ಹಾಪುರದ ಪಾಠ

ಈ ಪುಟ್ಟ ಗುಂಡು ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಸಾಕ್ಷಿ ಬೆಳಗಾವಿ ಗಡಿಗೆ ಹೊಂದಿಕೊಂಡ ಕೊಲ್ಹಾಪುರ ಜಿಲ್ಲೆಯಲ್ಲಿದೆ. ಅಲ್ಲಿನ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನ 50 ಮೀಟರ್ ಪ್ರೋನ್ ಸ್ಪರ್ಧೆಯಲ್ಲಿ 600ಕ್ಕೆ 597 ಅಂಕ ಗಳಿಸಿ ಚಿನ್ನ ಗೆದ್ದರು. ಅದೇ ಜಿಲ್ಲೆಯ ಕಂಬಳವಾಡಿ ಗ್ರಾಮದ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ 451.4 ಅಂಕಗಳೊಂದಿಗೆ ಕಂಚಿನ ಪದಕ ಪಡೆದರು. ಮಂಡಿಯೂರಿ, ಮಲಗಿ, ನಿಂತು ಹಾರಿಸಬೇಕಾದ ಈ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಅವರು 590 ಅಂಕ ಗಳಿಸಿ ಏಳನೆಯವರಾಗಿದ್ದರು. ಬಂಗಾಳದ ಜಾಯ್‌ದೀಪ್ ಕರ್ಮಾಕರ್ 2012ರ ಲಂಡನ್ ಒಲಿಂಪಿಕ್ಸ್‌ನ ಪ್ರೋನ್ ಸ್ಪರ್ಧೆಯಲ್ಲಿ 1.9 ಅಂಕದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದದ್ದನ್ನೂ ಇಲ್ಲಿ ನೆನೆಯಬೇಕು. ಈ ಮಟ್ಟದಲ್ಲಿ ಸಡಿಲ ತಿರುಪಿಗೂ ಪದಕಕ್ಕೂ ನಡುವಿನ ಅಂತರ ಅಷ್ಟೇ.

ಕಾನೂನಿನ ಚೌಕಟ್ಟು

ಸದ್ದು ಸಣ್ಣದೆಂದು ಇದನ್ನು ಆಟಿಕೆ ಎಂದು ಭಾವಿಸುವಂತಿಲ್ಲ. ಮೇಲ್ಮುಖವಾಗಿ ಹಾರಿಸಿದ .22 ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಿ ಜೀವ ತೆಗೆಯಬಲ್ಲದು. ಫಲಕದ ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಅಭ್ಯಾಸ ಸಲ್ಲದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ .22 ರೈಫಲ್ ಹೊಂದಲು ಪರವಾನಗಿ ಕಡ್ಡಾಯ. 2019ರ ತಿದ್ದುಪಡಿ ಸಂಭ್ರಮಾಚರಣೆಯ ಗುಂಡು ಹಾರಾಟವನ್ನೂ ಶಿಕ್ಷಾರ್ಹವಾಗಿಸಿದೆ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿ ಪ್ರಾಣ ತೆತ್ತ ಹಲಗಲಿ ಬೇಡರ ಜಿಲ್ಲೆಯಿದು. ಆಯುಧ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯ ತೂಕ ಇಲ್ಲಿನ ಜನರಿಗೆ ಹೊಸದೇನಲ್ಲ.

ತೀರ್ಪಿಗೆ ಮುನ್ನ

ಚದುರಿದ ಫಲಕ ಕೈಗೆ ಬಂದಾಗ ಏನು ಮಾಡಬೇಕು? ಗುಂಡುಗಳು ಮೇಲೆ ಕೆಳಗೆ ಸಾಲಾಗಿದ್ದರೆ ಉಸಿರಾಟದ ಏರುಪೇರು ಅಥವಾ ಗುಂಡಿನ ವೇಗದ ವ್ಯತ್ಯಾಸ ಕಾರಣವಿರಬಹುದು. ಅಡ್ಡಲಾಗಿ ಹರಡಿದ್ದರೆ ಗಾಳಿ ಅಥವಾ ಜಗ್ಗಿ ಎಳೆದ ಟ್ರಿಗರ್. ಎರಡು ಗುಂಪುಗಳಿದ್ದರೆ ತಿರುಪು, ಗುರಿನೋಟ ಅಥವಾ ನಡುವೆ ಬದಲಾದ ಭಂಗಿ.

ಇದಾವುದೂ ಸ್ಪಷ್ಟವಾಗದಿದ್ದಲ್ಲಿ ಸರಳ ಉಪಾಯವೊಂದಿದೆ. ಅದೇ ರೈಫಲ್ಲನ್ನು, ಅದೇ ಪೆಟ್ಟಿಗೆಯ ಐದು ಗುಂಡುಗಳೊಂದಿಗೆ ನುರಿತ ಗುರಿಕಾರರೊಬ್ಬರ ಕೈಗೆ ಕೊಡುವುದು. ಅವರ ಗುಂಪೂ ಚದುರಿದರೆ ತಪ್ಪು ರೈಫಲ್ಲಿನದು ಅಥವಾ ಗುಂಡಿನದು. ಅವರ ಗುಂಪು ಬಿಗಿಯಾಗಿ ಬಂದರೆ ಕೆಡೆಟ್‌ಗೆ ಬೇಕಾದದ್ದು ಅಭ್ಯಾಸ. ಇದಕ್ಕೆ ತಗಲುವುದು ಐದು ಗುಂಡು, ಐದು ನಿಮಿಷ. ಮೊದಲ ಸಲ ಬಂದೂಕು ಹಿಡಿದ ವಿದ್ಯಾರ್ಥಿಯೊಬ್ಬ ತನ್ನಿಂದ ಇದು ಆಗದು ಎಂದು ಶಾಶ್ವತವಾಗಿ ನಂಬಿಬಿಡುವುದನ್ನು ತಪ್ಪಿಸಲು ಈ ಖರ್ಚು ದೊಡ್ಡದಲ್ಲ.