ಮೂತಿ ಎತ್ತಿದ ಪಿಕಪ್ಪು: ಚೆಂದಕ್ಕೆ ಎರಡು ಇಂಚು, ಕಷ್ಟ ಎಷ್ಟು?

ಹಿರೇಕೊಡಿಗೆ: ಕತ್ತಲಾದ ಮೇಲೆ ಕೊಪ್ಪದ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಈ ಅನುಭವ ಹೊಸದಲ್ಲ. ತಿರುವಿನಲ್ಲಿ ಎದುರಿಗೆ ಒಂದು ಪಿಕಪ್ ಬರುತ್ತದೆ. ಬಸ್ಸಿನ ಡ್ರೈವರ್ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು ಗಾಡಿ ನಿಲ್ಲಿಸಿಯೇ ಬಿಡುತ್ತಾರೆ. "ಡಿಮ್ ಹಾಕೋ ಮಾರಾಯ!" ಅಂತ ಕಂಡಕ್ಟರ್ ಕೂಗುತ್ತಾರೆ. ಪಿಕಪ್‌ನವನು ಪಾಪ, ಡಿಮ್ ಹಾಕಿಕೊಂಡೇ ಬಂದಿರುತ್ತಾನೆ! ಎಷ್ಟೋ ಸಲ ತಪ್ಪು ಇರುವುದು ಸ್ವಿಚ್ಚಿನಲ್ಲಲ್ಲ, ಸ್ಪ್ರಿಂಗಿನಲ್ಲಿ.

ಹೊಸದಾಗಿ ಪಿಕಪ್ ತಂದ ಕೆಲವರಿಗೆ ಅದರ ನಿಲುವು ಹಿಡಿಸುವುದಿಲ್ಲ. ಹಿಂದೆ ಎತ್ತರ, ಮುಂದೆ ತಗ್ಗು. ಮೇಯಲು ತಲೆ ಬಗ್ಗಿಸಿದ ಎಮ್ಮೆಯ ಹಾಗೆ ಕಾಣುತ್ತದೆ. ಸರಿ, ಗ್ಯಾರೇಜಿಗೆ ಒಯ್ದು ಮುಂಭಾಗವನ್ನು ಎರಡು ಇಂಚು ಎತ್ತಿಸುತ್ತಾರೆ. "ಲೆವೆಲ್ ಮಾಡ್ಸಿದೆ, ಈಗ ಜೋರಾಗಿ ಕಾಣ್ತದೆ" ಅನ್ನುತ್ತಾರೆ. ಕಾಣುವುದೇನೋ ಹೌದು. ಆದರೆ ಆ ಎರಡು ಇಂಚಿನ ಬಾಡಿಗೆಯನ್ನು ಯಾರು ಕಟ್ಟುತ್ತಾರೆ?

ಬೇಕೆಂದೇ ಮಾಡಿದ ಓರೆ

ಪಿಕಪ್ಪಿನ ಹಿಂಭಾಗ ಎತ್ತರ ಇರುವುದು ಕಾರ್ಖಾನೆಯವರು ಕಣ್ಣು ತಪ್ಪಿ ಮಾಡಿದ್ದಲ್ಲ. ಅದು ಹೊರೆ ಹೊರುವ ಗಾಡಿ. ಬೊಲೆರೊ ಪಿಕಪ್ಪಿನಲ್ಲಿ 1.7 ಟನ್ ಹೊರುವ ಮಾದರಿಯೇ ಇದೆ. ಅಷ್ಟು ಭಾರ ಬಿದ್ದಾಗ ಹಿಂದಿನ ಪ್ಲೇಟುಗಳು ಬಗ್ಗುತ್ತವೆ, ಗಾಡಿ ಆಗ ಸಮಕ್ಕೆ ಬರುತ್ತದೆ. ಅಂದರೆ ಖಾಲಿ ಇದ್ದಾಗ ಓರೆ, ಲೋಡ್ ಆದಾಗ ನೇರ. ಮುಂದೆ ಎತ್ತಿಸಿದವರದ್ದು ಖಾಲಿ ಇದ್ದಾಗ ನೇರ, ಲೋಡ್ ಆದಾಗ ಮೂತಿ ಮೇಲೆ! ದುಡಿಯುವ ಹೊತ್ತಿಗೆ ಓರೆ, ನಿಂತಿರುವ ಹೊತ್ತಿಗೆ ಚೆಂದ. ಇದೆಂಥ ವ್ಯವಹಾರ?

ಕುವೆಂಪು ಹುಟ್ಟಿದ ಊರು ಈ ಹಿರೇಕೊಡಿಗೆ. ಅವರು ಹುಟ್ಟಿದ 1904ರ ಕಾಲದಲ್ಲಿ ಇಲ್ಲಿ ಎತ್ತಿನ ಗಾಡಿಯೇ ಪಿಕಪ್ಪು. ಗಾಡಿ ಹೊಡೆಯುವವನಿಗೆ ಮೊದಲ ಪಾಠ ಒಂದೇ: ಹೇರು ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆಗೆ ಉರುಳಾಗುತ್ತದೆ, ಮುಂದೆ ಹೆಚ್ಚಾದರೆ ಕುತ್ತಿಗೆಯ ಮೇಲೆಯೇ ಭಾರ. ಓದು ಬರಹ ಬಾರದವನೂ ಹೇರಿಗೆ ತಕ್ಕಂತೆ ಗಾಡಿಯ ಸಮತೂಕ ನೋಡುತ್ತಿದ್ದ. ಖಾಲಿ ಗಾಡಿ ಹೇಗೆ ಕಾಣುತ್ತದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಎಲ್ಲಿ ಏಟು ಬೀಳುತ್ತದೆ?

ಎತ್ತಿಸುವ ವಿಧಾನ ಮೂರು. ಕಾಯಿಲ್ ಸ್ಪ್ರಿಂಗ್ ಇದ್ದರೆ ಅದರ ಮೇಲೊಂದು ದಪ್ಪ ಬಿಲ್ಲೆ ಕೂರಿಸುವುದು. ಟಾರ್ಷನ್ ಬಾರ್ ಇದ್ದರೆ ಬೋಲ್ಟ್ ತಿರುಗಿಸಿ ಬಿಗಿ ಮಾಡುವುದು. ಪ್ಲೇಟು ಇದ್ದರೆ ಇನ್ನೊಂದು ಪ್ಲೇಟು ಸೇರಿಸುವುದು, ಇಲ್ಲವೇ ಇದ್ದದ್ದನ್ನೇ ಬಡಿದು ಬಾಗಿಸುವುದು.

ಕಾಯಿಲ್ ಮತ್ತು ಟಾರ್ಷನ್ ಬಾರ್ ಗಾಡಿಗಳ ಕಥೆ ಮೊದಲು ನೋಡಿ. ಚಕ್ರ ಗುಂಡಿಗೆ ಇಳಿಯುವಾಗ ಕೆಳಕ್ಕೆ ಹೋಗಲು ಅದಕ್ಕೆ ಜಾಗ ಬೇಕು. ಮೊದಲು ನಾಲ್ಕು ಇಂಚು ಇಳಿಯುತ್ತಿತ್ತು ಅಂತ ಇಟ್ಟುಕೊಳ್ಳಿ. ಎರಡು ಇಂಚು ಎತ್ತಿಸಿದ ಮೇಲೆ ಆ ಜಾಗದಲ್ಲಿ ಅರ್ಧ ಮೊದಲೇ ಖರ್ಚಾಗಿರುತ್ತದೆ. ಉಳಿದ ಎರಡು ಇಂಚು ಮುಗಿದ ಕೂಡಲೇ 'ಟಕ್' ಅಂತ ಶಬ್ದ. ನಮ್ಮ ಮಳೆಗಾಲದ ರಸ್ತೆಯಲ್ಲಿ ಆ 'ಟಕ್' ದಿನಕ್ಕೆ ಎಷ್ಟು ಸಲ ಅಂತ ನೀವೇ ಎಣಿಸಿ. ಏಟು ತಿನ್ನುವುದು ಶಾಕ್ ಅಬ್ಸಾರ್ಬರ್ ಮತ್ತು ಬುಷ್ಷುಗಳು.

ಚಕ್ರ ಹಿಡಿದ ತೋಳುಗಳು ಕೆಳಕ್ಕೆ ಇಳಿಬೀಳುವುದರಿಂದ ಬಾಲ್ ಜಾಯಿಂಟುಗಳು ಸದಾ ಓರೆಯಲ್ಲೇ ಕೆಲಸ ಮಾಡಬೇಕು, ಬೇಗ ಸವೆಯುತ್ತವೆ. ಫೋರ್ ವೀಲ್ ಗಾಡಿಯಾದರೆ ಮುಂದಿನ ಡ್ರೈವ್ ಶಾಫ್ಟಿನ ಕೋನವೂ ಹೆಚ್ಚುತ್ತದೆ. ಅದರ ರಬ್ಬರ್ ಬೂಟು ಹರಿದು, ಒಳಗಿನ ಗ್ರೀಸು ಹೊರಗೆ, ಹೊರಗಿನ ಕೆಸರು ಒಳಗೆ. ಚಕ್ರದ ನಿಲುವಿನ ಕೋನಗಳು ತಪ್ಪುತ್ತವೆ. ಅಲೈನ್‌ಮೆಂಟ್ ಮಾಡಿಸದೇ ಓಡಿಸಿದರೆ ಟಯರ್ ಒಂದೇ ಬದಿ ತಿಂದುಹಾಕುತ್ತದೆ, ಸ್ಟಿಯರಿಂಗ್ ನೇರ ನಿಲ್ಲುವುದಿಲ್ಲ. ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರಬೇಕಾದ ಸ್ಟಿಯರಿಂಗನ್ನು ಎಳೆದು ತರಬೇಕಾಗುತ್ತದೆ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಇದು ತಮಾಷೆಯ ಮಾತಲ್ಲ.

ಪ್ಲೇಟು ಸೇರಿಸಿದವರಿಗೆ ಬೇರೆ ಕಷ್ಟ. ಮುಂಭಾಗ ಕಲ್ಲಿನಂತೆ ಗಡಸಾಗುತ್ತದೆ. ಸ್ಟಿಯರಿಂಗಿನ ರಾಡು ಓರೆಯಾಗಿ, ಗುಂಡಿ ಬಂದಾಗಲೆಲ್ಲ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ.

"ಕಲ್ಲು ತಾಗ್ತದೆ ಮಾರಾಯ್ರೆ, ತೋಟದ ದಾರಿ ಹಾಗಿದೆ, ಎಂತ ಮಾಡೋದು?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಹೆಚ್ಚಾಗಿ ಕಲ್ಲು ತಾಗುವುದು ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಗುಂಡಿಗೆ. ಮುಂದಿನ ಸ್ಪ್ರಿಂಗ್ ಎಷ್ಟೇ ಎತ್ತಿಸಿ, ಆ ಗುಂಡು ಒಂದು ಕೂದಲೆಳೆಯಷ್ಟೂ ಮೇಲೆ ಏಳುವುದಿಲ್ಲ.

ದೀಪದ ಲೆಕ್ಕ

ಈಗ ಬಸ್ಸಿನವರ ಕಣ್ಣಿನ ವಿಷಯಕ್ಕೆ ಬರೋಣ. ಪಿಕಪ್ಪಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಹತ್ತಡಿ, ಅಂದರೆ 120 ಇಂಚು ಅಂತ ಹಿಡಿಯಿರಿ. ಮುಂದೆ ಎರಡು ಇಂಚು ಎತ್ತಿದರೆ ಅರವತ್ತಕ್ಕೆ ಒಂದರಷ್ಟು ಓರೆ. ದೀಪದ ಬೆಳಕು 60 ಅಡಿ ದೂರದಲ್ಲಿ ಒಂದು ಅಡಿ ಮೇಲೆ ಏಳುತ್ತದೆ, 180 ಅಡಿಯಲ್ಲಿ ಮೂರು ಅಡಿ. ರಸ್ತೆಗೆ ಬೀಳಬೇಕಾದ ಡಿಮ್ ಲೈಟು ನೇರ ಎದುರಿನವನ ಮುಖಕ್ಕೆ! ಹಿಂದೆ ಅಡಿಕೆ ಮೂಟೆ ಹೇರಿದರೆ ಹಿಂಭಾಗ ಕುಸಿದು ಬೆಳಕು ಇನ್ನೂ ಮೇಲೆ. ಜೂನ್ ತಿಂಗಳ ಮಳೆ, ಮಂಜು, ಒಂದು ಬದಿ ಕಣಿವೆ. ಅರೆಕ್ಷಣ ಕಣ್ಣು ಕತ್ತಲೆಯಾದರೆ ಬಸ್ಸಿನಲ್ಲಿ ಕೂತ ಐವತ್ತು ಜನರ ಗತಿ ಏನು?

ಒಂದು ತಪ್ಪಿಗೆ ಇನ್ನೊಂದು

ಕಥೆ ಇಲ್ಲಿಗೆ ಮುಗಿದರೆ ಪುಣ್ಯ. ಲೋಡ್ ಹಾಕಿದಾಗ ಹಿಂಭಾಗ ಕೂತಂತೆ ಕಾಣುತ್ತದೆ ಅಂತ ಹಿಂದೆಯೂ ಪ್ಲೇಟು ಸೇರಿಸುತ್ತಾರೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಒಂದು ವಾಲ್ವ್ ಇರುತ್ತದೆ. ಗಾಡಿಯ ಹಿಂಭಾಗ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಅದು ಭಾರ ಅಳೆಯುತ್ತದೆ. ಕುಸಿದಿದ್ದರೆ ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕು, ಎತ್ತರ ಇದ್ದರೆ ಕಡಿಮೆ. ಹೆಚ್ಚು ಪ್ಲೇಟು ಹಾಕಿದ ಗಾಡಿ ಲೋಡ್ ಆದರೂ ಕುಸಿಯುವುದಿಲ್ಲ. ವಾಲ್ವು 'ಗಾಡಿ ಖಾಲಿ' ಎಂದು ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಬೆನ್ನ ಮೇಲೆ ಟನ್ನುಗಟ್ಟಲೆ ಭಾರ, ಮುಂದೆ ಇಳಿಜಾರು, ಹಿಂದೆ ಅರ್ಧ ಬ್ರೇಕು!

1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋದವು. ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದ ಅಂಗಡಿ ಸಾಮಾನಿಗೆ ಈಗ ಪಿಕಪ್ಪೇ ಗತಿ. ಹಾಗಾಗಿ ಇದು ಗಾಡಿ ಮಾಲೀಕನೊಬ್ಬನ ಶೋಕಿಯ ಪ್ರಶ್ನೆಯಲ್ಲ. ಸಾಮಾನು ತರಿಸುವ ಅಂಗಡಿಯವರದ್ದೂ ಹೌದು, ಎದುರಿನ ಬಸ್ಸಿನಲ್ಲಿ ಕೂತವರದ್ದೂ ಹೌದು.

ಕಾನೂನು ಏನನ್ನುತ್ತದೆ?

ಗಾಡಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಫ್.ಸಿ.ಗೆ ಹೋಗುವ ಹಿಂದಿನ ದಿನ ಬಿಲ್ಲೆ ಬಿಚ್ಚಿಸಿ, ಮರುದಿನ ಮತ್ತೆ ಹಾಕಿಸುವ ಜಾಣರೂ ಇದ್ದಾರಂತೆ. ಘಾಟಿಯ ತಿರುವು ಎಫ್.ಸಿ. ನೋಡುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯಲು ಆ ಬಿಲ್ಲೆಯೊಂದೇ ಸಾಕು.

ಹಾಗಾದರೆ ಮಾಡಬೇಕಾದ್ದೇನು?

ಹಳೇ ಗಾಡಿಯ ಮುಂದಿನ ಸ್ಪ್ರಿಂಗ್ ನಿಜವಾಗಿ ಕೂತಿದ್ದರೆ ಅದನ್ನು ಸರಿ ಮಾಡಿಸಲೇಬೇಕು. ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನವರೆಗೆ ಟೇಪು ಹಿಡಿದು ಎರಡೂ ಬದಿ ಅಳೆಯಿರಿ. ಕಡಿಮೆ ಬಂದರೆ ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಹಾಕಿಸಿ, ಎರಡೂ ಬದಿ ಒಟ್ಟಿಗೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಗೋಡೆಯೆದುರು ನಿಲ್ಲಿಸಿ ಲೈಟು ಇಳಿಸಿ. ಈಗಾಗಲೇ ಎತ್ತಿಸಿಕೊಂಡವರು ಬಿಲ್ಲೆ ತೆಗೆಸಿದರೆ ಇನ್ನೂ ಒಳ್ಳೆಯದು.

ಖಾಲಿ ಪಿಕಪ್ಪು ತಲೆ ತಗ್ಗಿಸಿ ನಿಂತರೆ ಅದಕ್ಕೇನೂ ಅವಮಾನವಿಲ್ಲ ಸ್ವಾಮಿ. ಹೇರು ಹೊತ್ತಾಗ ನೆಟ್ಟಗೆ ನಡೆದರೆ ಸಾಕು.