ಬೆಳಗಿನ ರೋಗಿ

ವೈದ್ಯರ ಬಾಗಿಲು ಕಂಡೊಡನೆ ನಿಂತುಹೋಗುವ ಹಲ್ಲುನೋವನ್ನು ಅನುಭವಿಸದವರು ವಿರಳ. ರಾತ್ರಿಯೆಲ್ಲ ನಿದ್ದೆಗೆಡಿಸಿದ ನೋವು, ಕುರ್ಚಿಯಲ್ಲಿ ಕುಳಿತು ಬಾಯಿ ತೆರೆಯುವ ವೇಳೆಗೆ ಎಲ್ಲಿತ್ತೆಂದು ತೋರಿಸಲೂ ಆಗದಂತೆ ಮಾಯವಾಗಿರುತ್ತದೆ. ಯಂತ್ರಗಳಿಗೂ ಇಂಥ ಕಾಯಿಲೆಗಳುಂಟು. ಎಂಜಿನ್ ತಣ್ಣಗಿರುವಾಗ ಮಾತ್ರ ನಿಂತುಹೋಗುವ ಹಳೆಯ ಕಾರಿನ ಕಾಯಿಲೆ ಅವುಗಳಲ್ಲೊಂದು.

ಅಂಥದೊಂದು ಕಾರು ನಮ್ಮ ಮನೆಯಲ್ಲಿದೆ. ತಂದೆಯವರ ಕಾಲದ್ದು, ಕಾರ್ಬುರೇಟರ್ ಉಳ್ಳದ್ದು. ಮಲೆನಾಡಿನ ನಮ್ಮ ಹಳ್ಳಿಯಿಂದ ಪೇಟೆಗೆ ಹನ್ನೆರಡು ಕಿಲೋಮೀಟರು ದಾರಿ. ವಾರಕ್ಕೆರಡು ಬಾರಿ ನಸುಕಿನಲ್ಲೇ ಅಮ್ಮನನ್ನು ಡಯಾಲಿಸಿಸ್‌ಗೆಂದು ಅಲ್ಲಿಗೆ ಕರೆದೊಯ್ಯಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಕಳೆದ ಧನುರ್ಮಾಸದಲ್ಲಿ ಕಾರು ಹಟ ಹಿಡಿಯಿತು. ಚೋಕನ್ನು ಪೂರ್ತಿ ಎಳೆದರೆ ಎಂಜಿನ್ ಚಾಲೂ ಆಗುತ್ತಿತ್ತು. ಅದನ್ನು ತುಸು ಒಳಕ್ಕೆ ತಳ್ಳಿ ಆಕ್ಸಿಲರೇಟರಿನಿಂದ ಕಾಲೆತ್ತಿದೊಡನೆ ನಡುಗಿ, ಕೆಮ್ಮಿ, ನಿಂತುಬಿಡುತ್ತಿತ್ತು. ಹತ್ತು ನಿಮಿಷ ಹೇಗೋ ಓಡಿಸಿದರಾಯಿತು, ಆಮೇಲೆ ದಿನವಿಡೀ ಯಾವ ತಕರಾರೂ ಇಲ್ಲ.

ಒಂದು ಬೆಳಗ್ಗೆ, ಹೆದ್ದಾರಿಗೆ ಹೊರಳುವ ತಿರುವಿನಲ್ಲಿಯೇ ಅದು ನಿಂತಿತು. ಮಂಜಿನೊಳಗಿಂದ ಲಾರಿಯೊಂದು ಹೊರಬಂತು. ಚಾಲಕ ಹೇಗೋ ತಡೆದು ನಿಲ್ಲಿಸಿ, ಬಾಯಿತುಂಬ ಬೈದು ಹೋದ. ಬೈಗುಳದಲ್ಲಿ ಅನ್ಯಾಯವೇನೂ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಮ್ಮ ಒಂದು ಮಾತೂ ಆಡಲಿಲ್ಲ. ಅಂದು ಸಂಜೆ ತಮ್ಮ, "ಗುಜರಿಗೆ ಕೊಟ್ಟುಬಿಡೋಣ, ಅಣ್ಣ" ಎಂದ.

ಅಷ್ಟರೊಳಗೆ ಮೂರು ಗ್ಯಾರೇಜುಗಳನ್ನು ಸುತ್ತಿದ್ದಾಗಿತ್ತು. ಒಂದರಲ್ಲಿ ಪ್ಲಗ್ಗುಗಳು ಬದಲಾದವು, ಇನ್ನೊಂದರಲ್ಲಿ ಬ್ಯಾಟರಿ. ಮೂರನೆಯದರಲ್ಲಿ ಕಾರ್ಬುರೇಟರನ್ನೇ ಬಿಚ್ಚಿ ತೊಳೆದರು. ಪ್ರತಿ ಸಲವೂ ಸಂಜೆ ಕಾರು ಚೊಕ್ಕವಾಗಿ ಓಡಿತು. ಮರುದಿನ ಬೆಳಗ್ಗೆ ಮತ್ತೆ ಅದೇ ಕೆಮ್ಮು. ಕೆಲಸಗಾರರಲ್ಲಿ ಶ್ರದ್ಧೆಯಿರಲಿಲ್ಲವೆನ್ನಲಾರೆ. ಹನ್ನೆರಡು ಕಿಲೋಮೀಟರು ಓಡಿ ಬಿಸಿಯಾದ ಎಂಜಿನ್ನನ್ನು ಅವರು ಪರೀಕ್ಷಿಸುತ್ತಿದ್ದರು. ರೋಗವನ್ನು ನಾವು ದಾರಿಯಲ್ಲೇ ಬಿಟ್ಟು ಹೋಗುತ್ತಿದ್ದೆವು.

ತಣ್ಣಗಿನ ಎಂಜಿನ್ನಿಗೆ ಆಗುವ ಕಷ್ಟವೇನು? ಪೆಟ್ರೋಲು ದ್ರವವಾಗಿ ಉರಿಯದು. ಆವಿಯಾಗಿ ಗಾಳಿಯೊಡನೆ ಬೆರೆತರೆ ಉರಿಯುತ್ತದೆ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 15 ಭಾಗ ಗಾಳಿ ಬೇಕು. ಚಳಿಯಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ, ಕೊಳವೆಯ ಗೋಡೆಗೆ ಹನಿಹನಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರನ್ನು ಸೇರುವ ಮಿಶ್ರಣ ತೆಳುವಾಗುತ್ತದೆ. ಆ ಕೊರತೆಯನ್ನು ತುಂಬಲೆಂದೇ ಚೋಕ್ ಇರುವುದು. ಅದು ಗಾಳಿಯ ಬಾಯನ್ನು ಕಿರಿದು ಮಾಡಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಇಂದಿನ ಕಾರುಗಳಲ್ಲಿ ಈ ಕೆಲಸವನ್ನು ಶಾಖವನ್ನಳೆಯುವ ಸೆನ್ಸರೂ ಒಂದು ಪುಟ್ಟ ಕಂಪ್ಯೂಟರೂ ಮಾಡುತ್ತವೆ. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ಕಾರ್ಬುರೇಟರಿನ ಇಂಗಿತವನ್ನು ಕಿವಿಯಿಂದಲೇ ಬಲ್ಲವರು ಈಗ ಅಪರೂಪ.

ಅಂಥವರೊಬ್ಬರು, ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದ ವೃದ್ಧರು, ಪೇಟೆಯಲ್ಲಿದ್ದಾರೆಂದು ತಿಳಿದು ಹೋದೆ. ಎಲ್ಲರೂ ಅವರನ್ನು ಸಾಹೇಬರೆಂದೇ ಕರೆಯುವುದು. ನನ್ನ ಕಥೆಯನ್ನೆಲ್ಲ ಕೇಳಿ, "ಕಾರು ತರಬೇಡಿ, ಮೇಷ್ಟ್ರೇ. ಬಂದರೆ ಬಿಸಿಯಾಗೇ ಬರುತ್ತೆ. ನಾಳೆ ಬೆಳಗಾಗೋ ಹೊತ್ತಿಗೆ ನಾನೇ ಬರ್ತೀನಿ. ಅಲ್ಲೀತನಕ ಕೀಲಿ ಮುಟ್ಟಬೇಡಿ" ಎಂದರು.

ಹೇಳಿದಂತೆಯೇ ಮೊಮ್ಮಗನ ಬೈಕಿನಲ್ಲಿ ಬಂದರು. ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿಸಿದರು. ಮುಚ್ಚಿದ ಜಾಗದಲ್ಲಿ ಎಂಜಿನ್ನಿನ ಹೊಗೆ ಪ್ರಾಣಾಪಾಯಕರ. ಏರ್ ಕ್ಲೀನರ್ ತೆಗೆದು, ನನ್ನಿಂದ ಚೋಕ್ ಎಳೆಸಿ, ಅದರ ಮುಚ್ಚಳ ಪೂರ್ತಿ ಮುಚ್ಚುವುದೇ ಎಂದು ನೋಡಿದರು. ಮುಚ್ಚುತ್ತಿತ್ತು. ಒಂದು ಪ್ಲಗ್ ಬಿಚ್ಚಿದರು. ಪೆಟ್ರೋಲು ಹೆಚ್ಚಾಗಿದ್ದರೆ ತುದಿಗೆ ಕಪ್ಪು ಮಸಿ ಹಿಡಿದಿರಬೇಕು, ಇದು ಬೆಳ್ಳಗಿತ್ತು. ಆ ಪ್ಲಗ್ಗನ್ನು ಮತ್ತೆ ಕೂಡಿಸಿದ ಮೇಲೆಯೇ, "ಈಗ ಕೀಲಿ ತಿರುಗಿಸಿ" ಎಂದದ್ದು.

ಚೋಕನ್ನು ಅರ್ಧಕ್ಕೆ ತಳ್ಳಿ ಕಾಲೆತ್ತಿದೆ. ಎಂಜಿನ್ ನಡುಗತೊಡಗಿತು. ಇನ್ನೇನು ನಿಲ್ಲಬೇಕು, ಸಾಹೇಬರು ಕಾರ್ಬುರೇಟರಿನ ಬಾಯಿಯ ಅರ್ಧಭಾಗಕ್ಕೆ ಅಂಗೈ ಅಡ್ಡ ಹಿಡಿದರು. ನಡುಕ ನಿಂತು ಸದ್ದು ಸಮವಾಯಿತು. "ಗಾಳಿ ಜಾಸ್ತಿ ಕುಡೀತಿದೆ. ಎಲ್ಲಿಂದ ಅಂತ ನೋಡಬೇಕು" ಎಂದು, ಸಾಬೂನು ನೀರಿನಲ್ಲಿ ಅದ್ದಿದ ಬ್ರಷ್ಷನ್ನು ಕಾರ್ಬುರೇಟರಿನ ಬುಡದ ಸಂದಿನ ಸುತ್ತ ಸವರಿದರು. ಒಂದೆಡೆ ನೀರು ಒಳಕ್ಕೆ ಸೆಳೆದುಕೊಂಡಿತು. ಕ್ಷಣಕಾಲ ಎಂಜಿನ್ನಿನ ದನಿ ಬದಲಾಯಿತು.

ಅಲ್ಲಿ ಎರಡು ನಟ್ಟುಗಳು ಸಡಿಲವಾಗಿದ್ದವು. ಕಾರ್ಬುರೇಟರನ್ನು ತೊಳೆದವರು, ಸೆಟೆದು ಗಟ್ಟಿಯಾದ ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಕೂಡಿಸಿದ್ದರು. ಬಿಸಿಯಾದ ಎಂಜಿನ್ನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗುವುದರಿಂದ ಆ ಸಂದಿನ ಗಾಳಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚಳಿಯಲ್ಲಿ ಅದೇ ಮುಳುವಾಗುತ್ತಿತ್ತು. ಸಾಹೇಬರು ಗ್ಯಾಸ್ಕೆಟ್ ಹಾಳೆಯ ತುಂಡೊಂದನ್ನು ಲೋಹದ ಅಂಚಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಕತ್ತರಿಸಿ ಕೂಡಿಸಿದರು. ಹಣ ಕೊಡಹೋದರೆ, "ಈಗ ಬಿಸಿಯಾಗಿದೆ. ನಾಳೆ ಬೆಳಿಗ್ಗೆ ಓಡಿಸಿ ನೋಡಿ, ಆಮೇಲೆ ಕೊಡಿ" ಎಂದು ಹೊರಟುಹೋದರು.

ಮರುದಿನ ಅಮ್ಮನ ಆಸ್ಪತ್ರೆಯ ದಿನ. ಹೆದ್ದಾರಿಯ ತಿರುವಿನಲ್ಲಿ ಕಾಲೆತ್ತಿ ಕಾದೆ. ಎಂಜಿನ್ ಸಣ್ಣ ದನಿಯಲ್ಲಿ ಓಡುತ್ತಲೇ ಇತ್ತು. "ಇವತ್ತು ಕೆಮ್ಮಲಿಲ್ಲ" ಎಂದರು ಅಮ್ಮ.

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಮನೆಯಲ್ಲಿ ಸರಾಗವಾಗಿ ಓದುತ್ತಾನೆಂದು ತಾಯಂದಿರು ಹೇಳಿದ ಹುಡುಗರು ತರಗತಿಯಲ್ಲಿ ಎದ್ದು ನಿಂತೊಡನೆ ಮೂಕರಾಗುತ್ತಿದ್ದರು. ಅವರನ್ನು ನನ್ನ ಗಂಟೆಯಲ್ಲಿ, ನನ್ನ ಮೇಜಿನ ಮುಂದೆ ಮಾತ್ರ ಪರೀಕ್ಷಿಸಿ ಅಂಕ ಹಾಕಿದೆ. ಅವರ ಹೊತ್ತಿಗೆ ಅವರಿದ್ದಲ್ಲಿಗೆ ಒಮ್ಮೆಯಾದರೂ ಹೋಗಬೇಕಿತ್ತೆಂದು, ಸಾಹೇಬರ ಮನೆಯ ಮುಂದೆ ಹಣ ಹಿಡಿದು ಇಳಿಯುವಾಗ ಅನಿಸಿತು.